ಮಾಲೀಕರ ಕೈಯಲ್ಲೊಂದು ಕೀಲಿಕೈ

"ಇವತ್ತಿನಿಂದ ನಮ್ಮ ಬಾಡಿಗಿ ಮನಿ ಕಾರಭಾರ ಎಲ್ಲಾ ಕಾಯ್ದೆಶೀರ ನಡೀತದ!" ಎಂದು ದೇವೀಂದ್ರಪ್ಪನವರು ಸಾರಿದಾಗ ಅವರ ಹೆಂಡತಿ ಮಾಣಿಕಮ್ಮ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದಿನಲ್ಲಿ ಘೋಷಣೆಯ ಅರ್ಧ ಭಾಗ ಮುಳುಗಿಹೋಯಿತು. ಉಳಿದ ಅರ್ಧಕ್ಕೆ ಅವರು ತಲೆ ಎತ್ತದೆಯೇ ಉತ್ತರ ಕೊಟ್ಟರು.

"ಇರೋದೊಂದು ಮನಿ. ಅದರಾಗ ಎರಡು ಖೋಲಿ. ಅದಕ್ಕ ಕಾರಭಾರ ಅಂತ ಬ್ಯಾರೆ ಹೆಸರು!"

"ಒಂದಿರಲಿ ನೂರಿರಲಿ, ಮಾಲಕ ಅಂದ್ರ ಮಾಲಕ!"

"ಆಯ್ತು ಮಾಲಕರೇ, ಆ ಹಿಟ್ಟಿನ ಡಬ್ಬಿ ಇತ್ತ ಸರಿಸ್ರಿ."

ಮಾಲೀಕರು ಹಿಟ್ಟಿನ ಡಬ್ಬಿ ಸರಿಸಿದರು. ಆದರೆ ನಿರ್ಧಾರವನ್ನು ಸರಿಸಲಿಲ್ಲ. ಅಲ್ಲಿಗೇ ಸರಿಸಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಅವರ ಮರ್ಯಾದೆಯೂ ಇದ್ದಲ್ಲಿಯೇ ಇರುತ್ತಿತ್ತು.

ದೇವೀಂದ್ರಪ್ಪನವರು ವಾಡಿ ಜಂಕ್ಷನ್ನಿನ ಮಾಲು ಗೋದಾಮಿನಲ್ಲಿ ಮೂವತ್ತಮೂರು ವರ್ಷ ಗುಮಾಸ್ತರಾಗಿದ್ದವರು. ಸಿಮೆಂಟು ತುಂಬಿದ ರೈಲು ಡಬ್ಬಿಗಳ ಬಾಗಿಲು ಹಾಕಿಸಿ, ತಂತಿ ಬಿಗಿಸಿ, ಸೀಸದ ಸೀಲು ಒತ್ತಿಸುವುದು ಅವರ ಕೆಲಸ. ಆ ಮೂವತ್ತಮೂರು ವರ್ಷಗಳಲ್ಲಿ ಅವರು ಕಲಿತ ವೇದಾಂತ ಒಂದೇ: ಹೊರಗೆ ಸೀಲು ಬಿದ್ದಿದೆ ಎಂದರೆ ಒಳಗೆ ನರಮನುಷ್ಯ ಇಲ್ಲ! ರೈಲ್ವೆಯಲ್ಲಿ ಈ ವೇದಾಂತ ಒಮ್ಮೆಯೂ ಸುಳ್ಳಾಗಲಿಲ್ಲ. ಅದೇ ಮುಂದೆ ತೊಂದರೆಗೆ ಮೂಲವಾಯಿತು.

ನಿವೃತ್ತಿಯಾದ ಮೇಲೆ ಸ್ಟೇಷನ್ನಿನ ಆಚೆ ಓಣಿಯಲ್ಲಿ ಒಂದು ಪುಟ್ಟ ಮನೆ ಕೊಂಡರು. ಗೋಡೆ ಶಹಾಬಾದ್ ಕಲ್ಲು, ನೆಲ ಶಹಾಬಾದ್ ಕಲ್ಲು, ಮೇಲೆ ಹೊದಿಸಿದ್ದೂ ಅದೇ ಕಲ್ಲಿನ ಫರಸಿ. ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಅಲ್ಲಲ್ಲಿ ಇನ್ನೂ ತಂಪು. ಮೊದಲು ಬಂದ ಬಾಡಿಗೆದಾರ ನೋಡಲು ಬಲು ಸಂಭಾವಿತ. ಕಂಡಾಗಲೆಲ್ಲ ಕೈಮುಗಿಯುತ್ತಿದ್ದ. ಒಂದು ದಿನ ಬೆಳಗ್ಗೆ ನೋಡಿದರೆ ಮನೆಯೂ ಖಾಲಿ, ಮಾಲೀಕರು ಹೊಸದಾಗಿ ಹಾಕಿಸಿದ್ದ ಸೀಲಿಂಗ್ ಫ್ಯಾನೂ ಖಾಲಿ! ಮೇಲೆ ಬರೀ ಕೊಂಡಿಯೊಂದು ನೇತಾಡುತ್ತಿತ್ತು. ಆ ಸುದ್ದಿ ಕೇಳಿ ಮಾಣಿಕಮ್ಮ ಸೆರಗು ಬಾಯಿಗಿಟ್ಟುಕೊಂಡು ಅರ್ಧ ಗಂಟೆ ನಕ್ಕಿದ್ದರು. ಫ್ಯಾನು ಹೋದ ದುಃಖವನ್ನು ದೇವೀಂದ್ರಪ್ಪನವರು ಎಂದೋ ಮರೆತರು. ಆ ಅರ್ಧ ಗಂಟೆಯನ್ನು ಮಾತ್ರ ಇಂದಿಗೂ ಮರೆತಿಲ್ಲ.

ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. ಇವರು ಊದುವುದನ್ನು ಮೊಬೈಲಿನಿಂದ ಕಲಿತರು. ಅದರಲ್ಲಿ ಕೋಟು ತೊಟ್ಟ ಒಬ್ಬ ಮಹಾನುಭಾವ ದಿನಕ್ಕೊಂದರಂತೆ ಮನೆ ಮಾಲೀಕರಿಗೆ ಉಪದೇಶ ಮಾಡುತ್ತಿದ್ದ. ಬಾಡಿಗೆದಾರರೊಂದಿಗೆ ಸಲಿಗೆ ಬೇಡ. ನಕ್ಕರೆ ನಲ್ಲಿ ರಿಪೇರಿ ಕೇಳುತ್ತಾರೆ. ಹೇಳದೆ ಕೇಳದೆ ಹೋಗಿ ಮನೆ ನೋಡಿಬರುತ್ತಿರಬೇಕು. ಇನ್ನೊಂದು ಕೀಲಿಕೈ ಯಾವಾಗಲೂ ಮಾಲೀಕನ ಜೇಬಿನಲ್ಲೇ ಇರಬೇಕು. ಮನೆಯನ್ನು ಒಂದು ದಿನವೂ ಖಾಲಿ ಬಿಡಬಾರದು. ದೇವೀಂದ್ರಪ್ಪನವರು ಇವನ್ನೆಲ್ಲ ರೈಲ್ವೆಯ ಹಳೆಯ ಡೈರಿಯೊಂದರಲ್ಲಿ ಬರೆದುಕೊಂಡು ಮಂತ್ರದಂತೆ ಬಾಯಿಪಾಠ ಮಾಡಿದರು. "ಮನೆಯವರ ಸಲಹೆ ಕೇಳಿ" ಎಂಬ ಮಾತನ್ನು ಆ ಕೋಟಿನವನು ಎಲ್ಲಿಯೂ ಹೇಳಿರಲಿಲ್ಲ. ಇವರಿಗೂ ಅದರ ಕೊರತೆ ಕಾಣಲಿಲ್ಲ.

ಈಗಿನ ಬಾಡಿಗೆದಾರರು ಪ್ರಬುದ್ಧ ಮತ್ತು ಸಪ್ನಾ ಎಂಬ ಹೊಸ ಜೋಡಿ. ಪ್ರಬುದ್ಧನಿಗೆ ಸಿಮೆಂಟು ಕಾರ್ಖಾನೆಯಲ್ಲಿ ಕೆಲಸ. ಬಂದು ವರ್ಷವಾಯಿತು, ಒಂದು ತಕರಾರಿಲ್ಲ, ಒಂದು ಜಗಳವಿಲ್ಲ. ಸಪ್ನಾ ಅಂಗಳವನ್ನು ಎಷ್ಟು ಚೊಕ್ಕಟವಾಗಿ ಇಟ್ಟಿದ್ದಳೆಂದರೆ ಅದು ತಮ್ಮ ಮನೆ ಎಂದು ಹೇಳಿಕೊಳ್ಳಲು ದೇವೀಂದ್ರಪ್ಪನವರಿಗೆ ಹೆಮ್ಮೆಯಾಗುತ್ತಿತ್ತು. "ಇಂಥ ಬಾಡಿಗಿದಾರರು ಹೋದ್ರ ಮತ್ತ ಸಿಗಾಂಗಿಲ್ಲ ನೋಡ್ರಿ" ಎಂದು ಮಾಣಿಕಮ್ಮ ಆಗಾಗ ಹೇಳುತ್ತಿದ್ದರು. ವಾರಕ್ಕೊಮ್ಮೆ ಆ ಮನೆಗೆ ಶೇಂಗಾ ಹಿಂಡಿ, ಉಪ್ಪಿನಕಾಯಿ ಹೋಗುತ್ತಿದ್ದವು. ಸಲಿಗೆ ಬೇಡವೆಂಬ ಸೂತ್ರ ಹೆಂಡತಿಗೆ ಅನ್ವಯವಾಗುವುದಿಲ್ಲವೆಂದು ಮಾಲೀಕರು ಸುಮ್ಮನಿದ್ದರು.

ಘೋಷಣೆಯ ಮರುದಿನವೇ, ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ದೇವೀಂದ್ರಪ್ಪನವರು ಮೊದಲ ತಪಾಸಣೆಗೆ ಹೊರಟರು. ಬಾಗಿಲಿಗೆ ಕೀಲಿ ಬಿದ್ದಿತ್ತು. ಇರಲಿ, ಪೇಟೆಗೆ ಹೋಗಿರಬೇಕು. ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಹೋದರು. ಕೀಲಿ! ಬುಧವಾರ ಹತ್ತು ಗಂಟೆಗೆ ಹೋದರು. ಅದೇ ಕೀಲಿ, ಅದೇ ಭಂಗಿಯಲ್ಲಿ ನೇತಾಡುತ್ತಿತ್ತು! ಅಂಗಳದ ಹಗ್ಗದ ಮೇಲೆ ಒಂದು ಅರಿವೆ ಇಲ್ಲ. ಬಾಗಿಲ ಮುಂದೆ ಒಂದು ಚಪ್ಪಲಿ ಇಲ್ಲ. ಕಿಟಕಿಗೆ ಒಳಗಿನಿಂದ ಕಾಗದ ಅಂಟಿಸಿದ್ದರು, ಒಂದು ಕಣ್ಣಿನಷ್ಟೂ ಸಂದಿಯಿಲ್ಲದಂತೆ.

ದೇವೀಂದ್ರಪ್ಪನವರಿಗೆ ಫ್ಯಾನಿಲ್ಲದೆ ನೇತಾಡಿದ ಆ ಹಳೆಯ ಕೊಂಡಿ ನೆನಪಾಯಿತು. ಕೂಡಲೇ ಕಿಟಕಿಗೆ ಕಿವಿ ಹಚ್ಚಿದರು. ಒಳಗಿನಿಂದ "ಗರ್ರ್... ಗರ್ರ್..." ಎಂದು ಸದ್ದು ಬರುತ್ತಿತ್ತು. ಅವರ ಮುಖ ತುಸು ಅರಳಿತು. ದೇವರು ದೊಡ್ಡವನು! ಈ ಸಲ ಫ್ಯಾನು ಬಿಟ್ಟು ಹೋಗಿದ್ದಾರೆ. ಆದರೆ ಎಂಥ ಗಡಿಬಿಡಿ ಇದ್ದಿರಬೇಕು, ಬಂದ್ ಮಾಡುವುದಕ್ಕೂ ಪುರುಸೊತ್ತಿಲ್ಲದಂತೆ ಓಡಿಹೋಗಿದ್ದಾರೆ! ಬೇರಿಂಗು ಬೇರೆ ಹಾಳು ಮಾಡಿದ್ದಾರೆ.

ಪ್ರಬುದ್ಧನ ಮೊಬೈಲಿಗೆ ಫೋನು ಹಚ್ಚಿದರು. ಸ್ವಿಚ್ ಆಫ್! ಇನ್ನೇನು ಸಾಕ್ಷಿ ಬೇಕು? ಕೋರ್ಟಿನಲ್ಲೂ ಇದಕ್ಕಿಂತ ಹೆಚ್ಚು ಕೇಳುವುದಿಲ್ಲ. ಸಪ್ನಾಳ ನಂಬರು ಮಾಣಿಕಮ್ಮನ ಹತ್ತಿರ ಇತ್ತು. ಆದರೆ ಕೇಳಿದರೆ "ಯಾಕ?" ಎನ್ನುತ್ತಾಳೆ. "ಓಡಿಹೋದರು" ಎಂದರೆ ಮತ್ತೆ ಅರ್ಧ ಗಂಟೆ ನಗುತ್ತಾಳೆ. ಬೇಡ! ಮೊದಲು ಹೊಸ ಬಾಡಿಗೆದಾರನನ್ನು ಕೂರಿಸಿ, ಆಮೇಲೆ ಹೇಳಿದರಾಯಿತು. ಆಗ ಅದು ಫಜೀತಿಯಲ್ಲ, ಪರಾಕ್ರಮ.

ಪರಾಕ್ರಮ ತೋರಿಸುವ ಅವಕಾಶ ಸ್ಟೇಷನ್ ಮುಂದಿನ ಚಹಾದಂಗಡಿಯಲ್ಲೇ ಕಾದಿತ್ತು. ರಸ್ತೆಯ ಬದಿಗೆ ಒಂದು ಟೆಂಪೊ ನಿಂತಿತ್ತು. ಅದರ ಮೇಲೆ ಕಬ್ಬಿಣದ ಅಲಮಾರಿ, ಪಲ್ಲಂಗ, ಗಾದಿ, ಬುಟ್ಟಿಯೊಳಗೆ ನಾಲ್ಕು ಕೋಳಿ. ಅದರ ಪಕ್ಕದಲ್ಲಿ ತಲೆಗೆ ಕೈ ಹೊತ್ತು ನಿಂತವನು ಕಲೀಮ್. ರೈಲ್ವೆಯಲ್ಲಿ ಫಿಟ್ಟರ್. ಶಹಾಬಾದಿನಿಂದ ವಾಡಿಗೆ ಬದಲಿಯಾಗಿತ್ತು. ಗೊತ್ತು ಮಾಡಿಕೊಂಡಿದ್ದ ಮನೆಯನ್ನು ಅದರ ಮಾಲೀಕ ನಿನ್ನೆ ಇನ್ಯಾರಿಗೋ ಕೊಟ್ಟುಬಿಟ್ಟಿದ್ದನಂತೆ. ಸಾಮಾನು ತುಂಬಿಕೊಂಡು ಬಂದ ಮೇಲೆ ತಿಳಿದಿದೆ. ಅವನ ಹೆಂಡತಿ ಹುಸ್ನಾ ಮುಂದಿನ ಸೀಟಿನಲ್ಲಿ ಸಕ್ಕರೆ ಡಬ್ಬಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಸಪ್ಪಗೆ ಕೂತಿದ್ದಳು. ಹೊಸ ಮನೆಗೆ ಮೊದಲು ಸಕ್ಕರೆ ಹೋಗಬೇಕೆಂದು ಅವಳ ತಾಯಿ ಹೇಳಿ ಕಳಿಸಿದ್ದಳು.

"ಎಂಥಾ ಮಾಲಕರು ಇರ್ತಾರ ನೋಡ್ರಿ ಚಾಚಾ! ಮಾತು ಕೊಟ್ಟು ತಪ್ಪೋದಂದ್ರ!" ಎಂದ ಕಲೀಮ್.

ದೇವೀಂದ್ರಪ್ಪನವರು ಎದೆಯುಬ್ಬಿಸಿ ಎದ್ದು ನಿಂತರು. "ಎಲ್ಲಾ ಮಾಲಕರೂ ಹಂಗ ಇರಂಗಿಲ್ಲಪ್ಪ. ನಡಿ, ನನ್ನ ಮನಿ ಅದ. ಖಾಲಿ ಅದ. ಕೀಲಿಕೈ ಕಿಸೆದಾಗೇ ಅದ!"

"ಖರೇ ಏನ್ ಚಾಚಾ? ಇವತ್ತೇ?"

"ಇವತ್ತಲ್ಲ, ಈಗ!"

ಇದಕ್ಕೇ ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು. ಟೆಂಪೊ ಮುಂದೆ, ಮಾಲೀಕರು ಅದರ ಮುಂದೆ! ಓಣಿಯಲ್ಲಿ ದಿಬ್ಬಣ ಬಂದಷ್ಟು ಸಡಗರದಿಂದ ಹೋಗಿ, ಜೇಬಿನಿಂದ ಕೀಲಿಕೈ ತೆಗೆದು, "ಕಟ್" ಎಂದು ಕೀಲಿ ತೆಗೆದರು. ಹುಸ್ನಾ ಬಿಸ್ಮಿಲ್ಲಾ ಎಂದು ಬಲಗಾಲಿಟ್ಟು ಸಕ್ಕರೆ ಡಬ್ಬಿಯೊಂದಿಗೆ ಒಳಗೆ ಬಂದಳು. ಅವಳ ಹಿಂದೆಯೇ ಇಬ್ಬರು ಹಮಾಲರು ಅಲಮಾರಿ ಹೊತ್ತು ನುಗ್ಗಿದರು. ಟೆಂಪೊದವನಿಗೆ ಸೇಡಂಗೆ ಇನ್ನೊಂದು ಬಾಡಿಗೆ ಇತ್ತು. ಅವನ ಅವಸರಕ್ಕೆ ಹತ್ತು ನಿಮಿಷದಲ್ಲಿ ಪಲ್ಲಂಗ, ಗಾದಿ, ಕೋಳಿ ಸಮೇತ ಎಲ್ಲ ಸಾಮಾನೂ ಮುಂದಿನ ಖೋಲಿಯಲ್ಲಿ ಬಂದು ಬಿದ್ದವು. ಟೆಂಪೊ ಹೋಯಿತು. ಹಮಾಲರೂ ಹೋದರು.

ಆಮೇಲೆ ಕಲೀಮ್ ಸುತ್ತಲೂ ನೋಡಿದ. ಗೂಟಕ್ಕೆ ಒಂದು ಷರ್ಟು ನೇತಾಡುತ್ತಿತ್ತು. ಮೂಲೆಯಲ್ಲಿ ಒಂದು ಟ್ರಂಕು. ಒಲೆಯ ಕಟ್ಟೆಯ ಮೇಲೆ ಪಾತ್ರೆ, ತಾಟು, ಕುಕ್ಕರ್.

"ಚಾಚಾ, ಸಾಮಾನು ಅದಾವಲ್ರಿ?"

"ಹೊತ್ಕೊಂಡು ಹೋಗಲಾರದ್ದು ಬಿಟ್ಟು ಹೋಗ್ಯಾರಪ್ಪ. ಓಡಿಹೋಗೋರಿಗಿ ಎಲ್ಲಾ ಒಯ್ಯೋದು ಆಗ್ತದೇನು?"

"ಕುಕ್ಕರ್ ಅಷ್ಟು ಭಾರ ಇರ್ತದೇನ್ರಿ?"

"ಅವಸರದಾಗ ಕುಕ್ಕರ್ ಯಾರಿಗಿ ನೆನಪಿರ್ತದ?"

ಹುಸ್ನಾ ಮೆಲ್ಲಗೆ ಹೋಗಿ ಕುಕ್ಕರಿನ ಮೇಲೆ ಕೈಯಿಟ್ಟಳು. ಆಮೇಲೆ ಗಂಡನ ಕಡೆ ತಿರುಗಿದಳು. "ಏನ್ರಿ, ಅನ್ನ ಇನ್ನಾ ಬೆಚ್ಚಗ ಅದ."

ದೇವೀಂದ್ರಪ್ಪನವರಿಗೂ ಒಳಗೊಳಗೇ ಏನೋ ಕಡಿದಂತಾಯಿತು. ಆದರೆ ಮೂವತ್ತಮೂರು ವರ್ಷದ ಅನುಭವ ಸುಳ್ಳಾಗುವುದುಂಟೆ? ಹೊರಗೆ ಸೀಲು, ಒಳಗೆ ಸಿಮೆಂಟು! "ಈ ಬಿಸಿಲಿಗಿ ಬಿಂದಿಗ್ಯಾಗಿನ ನೀರೂ ಬೆಚ್ಚಗೇ ಇರ್ತಾವ ತಂಗಿ" ಎಂದು ಸಮಾಧಾನ ಹೇಳಿದರು. ಒಳಗಿನ ಖೋಲಿಯಿಂದ "ಗರ್ರ್" ಎಂದಿತು. "ಕೇಳ್ರಿ, ಅದು ಫ್ಯಾನಿನ ಬೇರಿಂಗು. ನಾಳೀಗೇ ರಿಪೇರಿ ಮಾಡಿಸ್ತೀನಿ. ಬಾಡಿಗಿದಾರ ಬಾಯಿ ಬಿಟ್ಟು ಕೇಳೋದರೊಳಗ ಮಾಡಿಕೊಡೋನು ನಾನು!"

ಹೀಗೆಂದು ಕತ್ತಲು ತುಂಬಿದ ಒಳಖೋಲಿಗೆ ಹೊಕ್ಕು, ಗೋಡೆ ತಡಕಿ, ಫ್ಯಾನಿನ ಗುಂಡಿ ಒತ್ತಿದರು. ಫ್ಯಾನು ತಿರುಗುವುದನ್ನು ನಿಲ್ಲಿಸಿತು.

ಬೇರಿಂಗು ನಿಲ್ಲಲಿಲ್ಲ!

"ಗರ್ರ್... ಗರ್ರ್... ಪುಸ್."

ಪುಸ್ ಎನ್ನುವ ಬೇರಿಂಗನ್ನು ದೇವೀಂದ್ರಪ್ಪನವರು ಜನ್ಮದಲ್ಲಿ ಕೇಳಿರಲಿಲ್ಲ. ಕಲೀಮ್ ಬಾಗಿಲಲ್ಲೇ ನಿಂತ. "ಚಾಚಾ, ಅಲ್ಲಿ ನೆಲದ ಮ್ಯಾಲ ಏನದು?"

"ಹಾಸಿಗಿ ಸುತ್ತಿ ಬಿಟ್ಟು ಹೋಗ್ಯಾರ" ಎಂದರು ಮಾಲೀಕರು. ದನಿ ಅರ್ಧಕ್ಕಿಳಿದಿತ್ತು. ಬಾಗಿ ಆ ಸುತ್ತಿದ ಹಾಸಿಗೆಯ ಒಂದು ತುದಿ ಹಿಡಿದು ಎಳೆದರು. ಎಳೆದ ತುದಿಯಲ್ಲಿ ಐದು ಬೆರಳಿದ್ದವು.

ಹಾಸಿಗೆ ಎದ್ದು ಕೂತಿತು!

"ಫ್ಯಾಕ್ಟ್ರಿ ಭೋಂಗಾ ಕೂಗಿತೇನು? ಬಸ್ ಬಂತೇನು?" ಎಂದು ಪ್ರಬುದ್ಧ ಕಣ್ಣು ತೆರೆಯದೆಯೇ ಪ್ಯಾಂಟಿಗಾಗಿ ಗೋಡೆ ತಡಕತೊಡಗಿದ. ಹುಸ್ನಾ ಕಿಟಾರನೆ ಕಿರುಚಿದಳು. ಬುಟ್ಟಿಯಲ್ಲಿದ್ದ ನಾಲ್ಕೂ ಕೋಳಿಗಳು ಅದಕ್ಕೆ ದನಿಗೂಡಿಸಿದವು. ಪ್ರಬುದ್ಧ ಕಣ್ಣು ತೆರೆದ. ಎಚ್ಚರಗೊಂಡವನು ಎಂಬ ಅರ್ಥದ ಹೆಸರಿಟ್ಟುಕೊಂಡ ಆ ಹುಡುಗನಿಗೆ ಅಂದು ಎಚ್ಚರವೇ ಒಂದು ಕೆಟ್ಟ ಕನಸಾಯಿತು. ತೆರೆದ ಬಾಗಿಲಿನಾಚೆ ಎಂದೂ ಕಾಣದ ಅಲಮಾರಿ, ಎಂದೂ ಕಾಣದ ಪಲ್ಲಂಗ, ಕೋಳಿ, ಸಕ್ಕರೆ ಡಬ್ಬಿ ಹಿಡಿದ ಅಪರಿಚಿತ ಹೆಣ್ಣುಮಗಳು. ಅವನು ಒಂದು ಗಳಿಗೆ ಯೋಚಿಸಿದ. ಆಮೇಲೆ ಗಾಬರಿಯಿಂದ ಎರಡೂ ಕೈ ಮುಗಿದ.

"ತಪ್ಪಾತ್ರಿ ಅಕ್ಕಾ! ಡ್ಯೂಟಿ ಮುಗಿಸಿ ನಿದ್ದಿಗಣ್ಣಾಗ ಬಂದೆ. ನಮ್ಮನಿ ಅಂತ ನಿಮ್ಮನಿ ಹೊಕ್ಕೀನಿ. ಕ್ಷಮಾ ಮಾಡ್ರಿ!"

ಇಷ್ಟೆಂದು ಚಾದರ ಹೊದ್ದುಕೊಂಡೇ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ಇಲ್ಲೊಂದು ಮಾತು ಮುಚ್ಚಿಡದೆ ಹೇಳಿಬಿಡಬೇಕು. ಆ ಒಂದು ಗಳಿಗೆ ದೇವೀಂದ್ರಪ್ಪನವರಿಗೆ ಸುಮ್ಮನಿದ್ದುಬಿಡೋಣ ಎನಿಸಿತು! ಹುಡುಗ ತಾನಾಗಿಯೇ ತಪ್ಪೊಪ್ಪಿಕೊಂಡಿದ್ದಾನೆ, ತಾನಾಗಿಯೇ ಮನೆ ಖಾಲಿ ಮಾಡಿದ್ದಾನೆ. ಆದರೆ ಕಟ್ಟೆಯ ಮೇಲೆ ಕೂತವನು ಕಣ್ಣುಜ್ಜಿಕೊಂಡು ಬಾಗಿಲು ನೋಡಿದ, ನಲ್ಲಿ ನೋಡಿದ, ಎದುರುಮನೆ ನೋಡಿದ. ಮೆಲ್ಲಗೆ ಎದ್ದುಬಂದು ಹೊಸ್ತಿಲಲ್ಲಿ ನಿಂತ.

"ಕಾಕಾ, ಇದು ನಮ್ಮನಿನೇ ಅಲ್ಲೇನ್ರಿ?"

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದ. ದೇವೀಂದ್ರಪ್ಪನವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಹೌದಪ್ಪ, ನಿಮ್ಮದೇ" ಎಂದರು. ಹುಸ್ನಾ ಪಾಪ, ಏನು ಮಾಡಬೇಕೆಂದು ತೋಚದೆ ಡಬ್ಬಿ ತೆರೆದು ಮುಂದೆ ಹಿಡಿದಳು. "ಮೊದಲು ಬಾಯಿ ಸಿಹಿ ಮಾಡ್ಕೋರಿ ಭಾಯ್. ಭಾಳ ಹೆದರೀರಿ." ಪ್ರಬುದ್ಧ ತನ್ನದೇ ಮನೆಯ ಗೃಹಪ್ರವೇಶದ ಸಕ್ಕರೆಯನ್ನು ಅತಿಥಿಯಂತೆ ಬಾಯಿಗೆ ಹಾಕಿಕೊಂಡ.

ಆಗ ಮಧ್ಯಾಹ್ನದ ಗಾಡಿ ಬಂದಿತ್ತು. ಸಪ್ನಾ ಸ್ಟೇಷನ್ನಿನಿಂದ ನಡೆದು ಬಂದಳು. ಬಂದವಳಿಗೆ ಕಂಡದ್ದು ತೆರೆದ ಬಾಗಿಲು, ಚಾದರ ಹೊದ್ದ ಗಂಡ, ಮನೆ ತುಂಬ ಬೇರೆಯವರ ಸಾಮಾನು, ನಡುವೆ ಕೀಲಿಕೈ ಹಿಡಿದು ನಿಂತ ಮಾಲೀಕರು. ಅವಳು ಮೊದಲು ಗಂಡನ ಮುಖ ನೋಡಿದಳು. "ಎಷ್ಟೊತ್ತು ಮಲಗಿದ್ರಿ?" ಎಂದು ಕೇಳಿದಳು.

"ಮೂರು ತಾಸು ಆಗಿರಬೇಕು."

ದೇವೀಂದ್ರಪ್ಪನವರು ನಡುವೆ ಬಾಯಿ ಹಾಕಿದರು. "ಮೂರು ದಿನದಿಂದ ಕೀಲಿ ಇತ್ತವ್ವ. ನಾ ತಿಳ್ಕೊಂಡೆ..."

"ಆ ಕೀಲಿ ನಾನೇ ಹಾಕ್ತೀನ್ರಿ ಕಾಕಾ" ಎಂದಳು ಸಪ್ನಾ. ದನಿ ಏರಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಈ ತಿಂಗಳ ಇವರಿಗಿ ರಾತ್ರಿ ಪಾಳಿ. ನನಗ ಶಹಾಬಾದ್ ದವಾಖಾನ್ಯಾಗ ನರ್ಸ್ ಕೆಲಸ ಸಿಕ್ಕದ. ಬೆಳಿಗ್ಗಿ ಇವರು ಬರ್ತಾರ, ನಾ ಹೋಗ್ತೀನಿ. ಇವತ್ತ ಅರ್ಧ ದಿನ ಇತ್ತಂತ ಮಧ್ಯಾನದ ಗಾಡಿಗೇ ಬಂದೆ. ಬಾಗಲಾ ತೆರದಿದ್ರ ಗ್ಯಾಸಿನವ ಬಡೀತಾನ, ಚಂದಾ ಕೇಳೋರು ಬಡೀತಾರ, ಸೀರಿ ಮಾರೋರು ಬಡೀತಾರ. ಅದಕ್ಕ ಹೊರಗಿನಿಂದ ಕೀಲಿ ಹಾಕಿ ಹೋಗ್ತೀನಿ. ಹಿತ್ತಲ ಬಾಗಲದ ಚಿಲಕ ಒಳಗಿನಿಂದ ಅದ, ಇವರಿಗೇನೂ ತ್ರಾಸಿಲ್ಲ. ರಾತ್ರೆಲ್ಲ ಮಷೀನ್ ಮುಂದ ನಿಂದ್ರೋ ಮನಷ್ಯಾ ರೀ. ಹಗಲಿಗಿ ನಿದ್ದಿ ಆಗದಿದ್ರ ಅಲ್ಲಿ ಕೈ ಹೋಗ್ತದ. ಇಡೀ ಓಣಿಗಿ ಆ ಕೀಲಿ ಸಾಕಾಗ್ಯದ. ನಿಮಗ ಮಾತ್ರ ಸಾಕಾಗಲಿಲ್ಲ."

ಕಿಟಕಿಯ ಕಾಗದ ಬೆಳಕು ಬಾರದಿರಲೆಂದು, ಫೋನು ಬಂದ್ ನಿದ್ದೆ ಕೆಡದಿರಲೆಂದು, ಚಪ್ಪಲಿ ಒಳಗಿಟ್ಟದ್ದು ಯಾರೂ ಕಂಡು ಕೂಗದಿರಲೆಂದು. ದೇವೀಂದ್ರಪ್ಪನವರು ಮೂರು ದಿನ ಕಷ್ಟಪಟ್ಟು ಕೂಡಿಹಾಕಿದ ಸಾಕ್ಷಿಗಳೆಲ್ಲ ಒಂದೊಂದಾಗಿ ಅವರ ಮುಖಕ್ಕೇ ತಿರುಗಿ ನಿಂತವು. ಅವರು ರೈಲ್ವೆಯಲ್ಲಿ ಡಬ್ಬಿಗಳ ಪಾಳಿ ಬಲ್ಲವರೇ ಹೊರತು ಮನುಷ್ಯರ ಪಾಳಿಯನ್ನು ಎಂದೂ ವಿಚಾರಿಸಿದವರಲ್ಲ.

"ನಾಳಿ ನಾ ಯಾವ ಧೈರ್ಯದ ಮ್ಯಾಲ ಕೆಲಸಕ್ಕ ಹೋಗ್ಲಿ? ಯಾವಾಗ ಯಾರು ಬಾಗಲಾ ತೆಗೀತಾರೋ! ತಿಂಗಳ ಕೊನಿಗಿ ನಾವು ಮನಿ ಬಿಡ್ತೀವ್ರಿ."

ಕೋಟಿನ ಮಹಾನುಭಾವ ಇಂಥ ಹೊತ್ತಿನಲ್ಲಿ ಮಾಲೀಕನು ಏನೆನ್ನಬೇಕೆಂದು ಹೇಳಿರಲಿಲ್ಲ. ದೇವೀಂದ್ರಪ್ಪನವರನ್ನು ಎರಡು ಸಂಗತಿ ಕಾಡಿದವು. ಒಳ್ಳೆಯ ಬಾಡಿಗೆದಾರರು ಹೋಗುತ್ತಾರೆ ಎಂಬುದು ಒಂದು ಚಿಂತೆ. ತನ್ನ ಮಗಳ ವಯಸ್ಸಿನ ಹುಡುಗಿ ತನ್ನನ್ನು ನೋಡಿ ಹೆದರುವಂತಾಯಿತಲ್ಲ ಎಂಬುದು ಅದಕ್ಕಿಂತ ದೊಡ್ಡ ನೋವು. ಅತ್ತ ಕಲೀಮ್ ಬೇರೆ ಅಲಮಾರಿಗೆ ಒರಗಿ ಕೇಳುತ್ತಿದ್ದ: "ಚಾಚಾ, ಹಂಗಾದ್ರ ನಾವು ಎಲ್ಲಿಗಿ ಹೋಗೋಣ್ರಿ?"

ಸಪ್ನಾ ಯಾವ ಮಾಯದಲ್ಲಿ ಫೋನು ಮಾಡಿದ್ದಳೋ, ಮಾಣಿಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೇಬಿಟ್ಟರು. ಬಂದವರು ಎಲ್ಲರ ಮಾತನ್ನೂ ಕೇಳಿದರು. ನಗುತ್ತಾರೆಂದು ದೇವೀಂದ್ರಪ್ಪನವರು ತಲೆ ತಗ್ಗಿಸಿದರು. ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಸಪ್ನಾಗ ಕೆಲಸ ಸಿಕ್ಕದ್ದು ನಿಮಗ ಗೊತ್ತಿರಲಿಲ್ಲೇನು?"

"ನನಗ್ಯಾರು ಹೇಳ್ಯಾರ?"

"ಮೊನ್ನಿ ಮನಿಗಿ ಬಂದು ಪೇಢಾ ಕೊಟ್ಟು ಹೋಗ್ಯಾಳ. ನೀವೇ ಮೂರು ತಿಂದೀರಿ! ಯಾಕ ಕೊಟ್ಟಾಳಂತ ಕೇಳಿದ್ರೇನು?"

ದೇವೀಂದ್ರಪ್ಪನವರು ನೆನಪಿಸಿಕೊಂಡರು. ಕೇಳಿರಲಿಲ್ಲ. ನಾಲ್ಕನೆಯದು ಇದೆಯೇ ಎಂದು ಮಾತ್ರ ಕೇಳಿದ್ದರು.

ಮಾಣಿಕಮ್ಮ ಗಂಡನನ್ನು ಅಲ್ಲಿಗೇ ಬಿಟ್ಟು ಹುಸ್ನಾಳ ಕಡೆ ತಿರುಗಿದರು. "ನಡೀವ್ವಾ, ನಮ್ಮ ಪಡಸಾಲಿ ಖಾಲಿ ಅದ. ನಿಮಗ ಛಲೋ ಮನಿ ಸಿಗೋ ತನಕ ಅಲ್ಲೇ ಇರ್ರಿ. ಮಾತು ಕೊಟ್ಟವರು ನಾವು, ನಿಮ್ಮನ್ನ ಬೀದಿ ಮ್ಯಾಲ ನಿಂದ್ರಸಂಗಿಲ್ಲ."

ಪಡಸಾಲೆ ಖಾಲಿ ಇರಲಿಲ್ಲ. ಅಲ್ಲಿ ದೇವೀಂದ್ರಪ್ಪನವರ ಆರಾಮ ಕುರ್ಚಿ, ಟಿವಿ ಮತ್ತು ಸ್ವತಃ ದೇವೀಂದ್ರಪ್ಪನವರು ಇದ್ದರು. ಆದರೆ ಅದನ್ನು ಹೇಳುವ ಹೊತ್ತು ಅದಲ್ಲವೆಂದು ತಿಳಿಯುವಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು. ಎರಡು ತಳ್ಳುಗಾಡಿ ಬಂದವು. ಅಲಮಾರಿಯ ಒಂದು ತುದಿಯನ್ನು ಮಾಲೀಕರೇ ಹಿಡಿದರು. ಕೋಳಿಬುಟ್ಟಿಯನ್ನೂ ಅವರೇ ಹೊತ್ತರು. ಮಾಡಿದ್ದುಣ್ಣೋ ಮಹಾರಾಯ!

ಹೊರಡುವ ಮುಂಚೆ ಸಪ್ನಾಳ ಮುಂದೆ ನಿಂತು ಕೀಲಿಕೈ ಚಾಚಿದರು. "ತಪ್ಪು ನಂದವ್ವ. ಮನಿ ನಂದು ಅಂತ ತಿಳಿದಿದ್ದೆ. ನಿಮ್ಮದೂ ಅಂತ ತಿಳೀಲಿಲ್ಲ. ಬಿಟ್ಟು ಹೋಗಬ್ಯಾಡ್ರಿ."

ಸಪ್ನಾ ಕೀಲಿಕೈ ತೆಗೆದುಕೊಂಡಳು. ಪ್ರಬುದ್ಧನೇ ಆಕಳಿಸುತ್ತ ನಡುವೆ ಬಂದ. "ಕಾಕಾ, ನಮ್ಮ ಫ್ಯಾಕ್ಟ್ರ್ಯಾಗ ಗೇಟ್ ಪಾಸ್ ಇಲ್ದ ದೊಡ್ಡ ಸಾಹೇಬ್ರನ್ನೂ ಒಳಗ ಬಿಡಂಗಿಲ್ರಿ. ಮನಿಗೂ ಒಂದು ಗೇಟ್ ಪಾಸ್ ಇರಬೇಕು ನೋಡ್ರಿ."

ಅವನು ನಿದ್ದೆಗಣ್ಣಿನಲ್ಲಿ ತಮಾಷೆಗೆ ಅಂದಿದ್ದ. ಸಪ್ನಾ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. "ಹಂಗೇ ಆಗಲಿ. ನಾಳಿ ಸಂಜಿಗಿ ಹೊಸಾ ಕೀಲಿ ತಂದು, ಅದರ ಕೀಲಿಕೈ ಎಲ್ಲಾ ನಮ್ಮ ಕೈಯಾಗ ಕೊಡ್ರಿ. ಬರೋವಾಗ ಕಾಕಿ ಬರದ ಚೀಟಿ ತರ್ರಿ. ಇನ್ನ ಮ್ಯಾಲ ಚೀಟಿ ಇದ್ರನ ಈ ಬಾಗಲಿಗಿ ಬರಬೇಕು. ಆಮ್ಯಾಲ ಹೇಳ್ತೀನಿ, ಇರಬೇಕೋ ಬಿಡಬೇಕೋ."

ಆ ರಾತ್ರಿ ಪ್ರಬುದ್ಧ ರಜೆ ಹಾಕಿ ಮಲಗಿದನೆಂದು ಮಾಣಿಕಮ್ಮ ಹೇಳಿದ ಮೇಲೆಯೇ ದೇವೀಂದ್ರಪ್ಪನವರಿಗೆ ಊಟ ಸೇರಿದ್ದು. ಮರುದಿನ ಪೇಟೆಯ ಮೂರು ಅಂಗಡಿ ಸುತ್ತಿ, ಎಲ್ಲಕ್ಕಿಂತ ಗಟ್ಟಿಯಾದ ಕೀಲಿಯೊಂದನ್ನು ಆರಿಸಿದರು. ಅಂಗಡಿಯವನು ಪರೀಕ್ಷೆ ಮಾಡಿ ತೋರಿಸಲು ಪೊಟ್ಟಣ ಬಿಚ್ಚಹೋದ. "ಬ್ಯಾಡಪ್ಪ! ಬಿಚ್ಚಬ್ಯಾಡ! ನಾ ಅದನ್ನ ಮುಟ್ಟೇ ಇಲ್ಲ ಅಂತ ಅವರಿಗಿ ಕಾಣಬೇಕು" ಎಂದು ತಡೆದರು.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಪಡಸಾಲೆಯಲ್ಲಿ ಹುಸ್ನಾ ಕೋಳಿಗೆ ಕಾಳು ಹಾಕುತ್ತಿದ್ದಳು. ಆರಾಮ ಕುರ್ಚಿಯಲ್ಲಿ ಕಲೀಮ್ ಆರಾಮವಾಗಿದ್ದ.

"ಚೀಟಿ ಬೇಕಾಗಿತ್ತು" ಎಂದರು ದೇವೀಂದ್ರಪ್ಪನವರು. ಸೀಸದ ಸೀಲು ಒತ್ತಿಸಿ ಸಾವಿರಾರು ಡಬ್ಬಿ ಸಾಗಿಸಿದ ಕೈ ಭಿಕ್ಷೆಗೆಂಬಂತೆ ಚಾಚಿತ್ತು.

ಮಾಣಿಕಮ್ಮ ಹಿಟ್ಟಿನ ಕೈ ತೊಳೆದುಕೊಂಡು, ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಗೋಡೆಗೆ ಆನಿಸಿ ನಾಲ್ಕು ಸಾಲು ಬರೆದರು. ನಾಲ್ಕು ಮಡಿಕೆ ಮಾಡಿ ಕೈಗಿಟ್ಟರು. "ಹಾದ್ಯಾಗ ತೆಗದು ಓದಬ್ಯಾಡ್ರಿ. ಇನ್ನೊಬ್ಬರದು ತೆಗಿಯೋ ಚಟ ಸಾಕು."

ಓದಲಿಲ್ಲ. ಸ್ಟೇಷನ್ ದಾಟುವಾಗ ಕೈ ಎರಡು ಸಲ ಜೇಬಿಗೆ ಹೋಯಿತು. ಎರಡೂ ಸಲ ಹಿಂದಕ್ಕೆ ತೆಗೆದರು. ಬಾಗಿಲ ಮುಂದೆ ನಿಂತು, ಬಡಿಯಲೋ ಬೇಡವೋ ಎಂದು ಐದು ನಿಮಿಷ ಯೋಚಿಸಿ, ಕೊನೆಗೆ ಅಂಗಳದಿಂದಲೇ ಮೆಲ್ಲಗೆ ಕೆಮ್ಮಿದರು. ಗಂಡ ಹೆಂಡತಿ ಇಬ್ಬರೂ ಹೊರಗೆ ಬಂದರು. ಸಪ್ನಾ ಪೊಟ್ಟಣವನ್ನು ತಿರುಗಿಸಿ ನೋಡಿದಳು, ಬಿಚ್ಚಿರಲಿಲ್ಲ. ಮುಖದ ಬಿಗಿ ಮಾತ್ರ ಸಡಿಲಲಿಲ್ಲ. "ಚೀಟಿ?" ಎಂದು ಕೈ ಚಾಚಿದಳು.

ಕೊಟ್ಟರು. ಸಪ್ನಾ ಮಡಿಕೆ ಬಿಚ್ಚಿ ಓದಿದಳು. ಇನ್ನೊಮ್ಮೆ ಓದಿದಳು. ತುಟಿ ಕಚ್ಚಿಕೊಂಡು ಗಂಡನ ಕೈಗೆ ಕೊಟ್ಟಳು. ಪ್ರಬುದ್ಧ ಓದಿ ಗೋಡೆ ಹಿಡಿದುಕೊಂಡ. ಆಮೇಲೆ ಇಬ್ಬರೂ ತಡೆಯಲಾರದೆ ನಕ್ಕರು. ಎದುರುಮನೆಯವರು ಬಾಗಿಲಿಗೆ ಬಂದು ನೋಡುವಷ್ಟು ನಕ್ಕರು.

"ನಾವು ಎಲ್ಲೂ ಹೋಗಂಗಿಲ್ಲ ಕಾಕಾ" ಎಂದಳು ಸಪ್ನಾ ಕಣ್ಣೊರೆಸಿಕೊಳ್ಳುತ್ತ. "ಇಂಥಾ ಮಾಲಕಿ ನಮಗ ಮತ್ತ ಎಲ್ಲಿ ಸಿಗ್ತಾಳ್ರಿ?"

ದೇವೀಂದ್ರಪ್ಪನವರ ಎದೆಯ ಭಾರವೆಲ್ಲ ಇಳಿಯಿತು. ಅದರ ಹಿಂದೆಯೇ ಕುತೂಹಲ ಏರಿತು. "ಅಂಥಾದ್ದೇನು ಬರದಾಳವ್ವ?"

ಸಪ್ನಾ ಚೀಟಿಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಸಾಲು ಬಿಡಿಸಿ ಓದಿದಳು:

"ಇವರು ನನ್ನ ಗಂಡ ಹೌದು. ಕೀಲಿ ಕೊಡಲಿಕ್ಕ ಕಳಿಸೀನಿ. ಚಹಾ ಕೊಡೋದಿದ್ರ ಕಟ್ಟಿ ಮ್ಯಾಲೇ ಕುಂದ್ರಿಸಿ ಕೊಡ್ರಿ. ಒಳಗ ಕರದ್ರ ಮನಿ ನಡಸೋದು ಹ್ಯಾಂಗಂತ ನಿಮಗೇ ಉಪದೇಶ ಶುರು ಮಾಡ್ತಾರ!"